ಮಂಗಳ ಗ್ರಹದಲ್ಲಿ ಒನ್ಸ್ ಮೋರ್

ಜುಲೈ 2, ಬುಧವಾರ

ಇವತ್ತು ನನಗೆ ಕೆಲಸ ಸಿಕ್ಕಿತು. ಸಿನಿಮಾ ಕಥೆಯಲ್ಲಿ ವಿಜ್ಞಾನದ ತಪ್ಪು ಹುಡುಕುವ ಕೆಲಸ. ಇಂಥದ್ದೊಂದು ಕೆಲಸ ಇದೆಯೆಂದು ಬೆಳಿಗ್ಗೆಯವರೆಗೆ ನನಗೂ ಗೊತ್ತಿರಲಿಲ್ಲ. ಆದರೆ ಇಷ್ಟು ವರ್ಷ ಸಂಬಳವಿಲ್ಲದೆ ಮಾಡಿಕೊಂಡು ಬಂದದ್ದು ಇದನ್ನೇ.

ಕಾಲೇಜಿನವರು ಅತಿಥಿ ಉಪನ್ಯಾಸಕರನ್ನು ಮತ್ತೆ ಯಾವಾಗ ಕರೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಭೌತಶಾಸ್ತ್ರದ ಎಂ.ಎಸ್ಸಿ. ಇಟ್ಟುಕೊಂಡು ಕಂಪಲಾಪುರದ ಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಹುಣಸೂರಿನ ಶುಂಠಿ ವ್ಯಾಪಾರಿ ಚೆಲುವರಾಜು ಅವರ ಫೋನು ಬಂತು. ಅವರಿಗೊಂದು ಸಿನಿಮಾ ತೆಗೆಯುವ ಆಸೆ. ನಮ್ಮ ಕಡೆಯ ಹುಡುಗಿಯೊಬ್ಬಳು ಮಂಗಳ ಗ್ರಹಕ್ಕೆ ಹೋಗುವ ಕಥೆ. ಮಧ್ಯಾಹ್ನದ ಬಸ್ಸಿಗೆ ಹುಣಸೂರಿಗೆ ಹೋದೆ. ಅವರ ಶುಂಠಿ ಗೋಡೌನಿನ ಮೇಲೆ ಒಂದು ರೂಮಿದೆ. ಅದೇ ನಮ್ಮ ಆಫೀಸು. ಶುಂಠಿಯ ಘಾಟಿಗೆ ಅಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ, ಅಷ್ಟು ಒಳ್ಳೆಯದು.

“ನೋಡಿ ಮೇಡಂ, ಕತೆ ನಮ್ ಮುದ್ದಯ್ಯ ಮೇಷ್ಟ್ರುದು. ಅವರತ್ರನೇ ನಾನು ಕೃಷ್ಣನ ಪಾರ್ಟ್ ಕಲ್ತಿದ್ದು,” ಎಂದರು ಚೆಲುವರಾಜು. “ಆದ್ರೆ ಈಗಿನ್ ಹುಡುಗ್ರು ಒಂದ್ ತಪ್ಪು ಸಿಕ್ಕುದ್ರೂ ಉಗ್ದು ಉಪ್ಪಿನ್ಕಾಯಿ ಆಕ್ತಾರೆ. ಸೈನ್ಸು ಸರಿ ಅದೆ ಅಂತ ನೀವು ಟಿಕ್ ಆಕುದ್ರೆ ಮಾತ್ರ ಸಿನ್ಮಾ. ಇಲ್ದಿದ್ರೆ ಬೇರೆ ಯಾರ ಕೈಲಾರ ಬೇರೆ ಕತೆ ಬರುಸ್ತೀನಿ.” ಆಗಸ್ಟ್ ಕೊನೆಯೊಳಗೆ ಕಥೆಯನ್ನು ಓದಿ ತೋರಿಸಬೇಕಂತೆ.

ಮುದ್ದಯ್ಯನವರು ಎಚ್.ಡಿ. ಕೋಟೆ ಕಡೆಯ ಹಂಪಾಪುರದವರು. ಹಾರ್ಮೋನಿಯಂ ಹೊತ್ತು ಊರೂರು ತಿರುಗಿ, ರೈತರಿಗೆ ಪೌರಾಣಿಕ ನಾಟಕ ಕಲಿಸುವ ಡ್ರಾಮಾ ಮೇಷ್ಟ್ರು. ನನಗಿಂತ ಎರಡು ಪಟ್ಟು ವಯಸ್ಸಾದವರು ನಾನು ಒಳಗೆ ಬಂದಾಗ ಎದ್ದು ನಿಂತರು. ಹೊರಡುವಾಗ ಮೆಟ್ಟಿಲ ಹತ್ತಿರ ಬಂದು, “ಯಾರ್ಯಾರೋ ಬರ್ದಿದ್ ನಾಟ್ಕಾನೇ ಜೀವ್ಮಾನೆಲ್ಲ ಕಲ್ಸ್ದೆ ಮೇಡಮ್ನೋರೆ. ನಂದು ಅಂತ ಇರೋದು ಇದೊಂದೇ ಕತೆ. ವಸಿ ನೋಡ್ಕೊಡಿ,” ಎಂದರು.

ನೋಡಿಕೊಡುತ್ತೇನೆ ಎಂದೆ. ನೋಡುವುದೇ ತಾನೆ ನನ್ನ ಕೆಲಸ.

ಜುಲೈ 5, ಶನಿವಾರ

ಮುದ್ದಯ್ಯನವರ ಕಥೆ ಓದಿ ಮುಗಿಸಿದೆ. ಅಕ್ಷರ ಬಹಳ ಚೆನ್ನಾಗಿದೆ. ಅಕ್ಷರಕ್ಕೆ ಮಾತ್ರ ಪೂರ್ತಿ ಅಂಕ.

ರಾಕೆಟ್ಟು ಕಂಪಲಾಪುರದ ಸಂತೆ ಮೈದಾನದಿಂದ ಹಾರುತ್ತದೆ, ಅದೂ ರಾಹುಕಾಲ ಕಳೆದ ಮೇಲೆ. ನಾಯಕಿ ಸೌಂದರ್ಯ ಒಳಗೆ ಕಾಲಿಟ್ಟವಳೇ ತಾನು ಯಾರು, ಯಾರ ಮಗಳು ಎಂದು ಹಾಡಿನಲ್ಲಿ ಪರಿಚಯ ಹೇಳಿಕೊಳ್ಳುತ್ತಾಳೆ. ಎದುರಿಗಿರುವುದು ಎರಡು ವರ್ಷ ಜೊತೆಯಲ್ಲೇ ತರಬೇತಿ ಪಡೆದ ಕ್ಯಾಪ್ಟನ್. ಆ ಕ್ಯಾಪ್ಟನ್ನಿಗೆ ಮಂಗಳದ ಹತ್ತಿರ ಉಲ್ಕೆ ಬಡಿದು ಎದೆ ಒಡೆದುಹೋಗುತ್ತದೆ. ಒಡೆದ ಎದೆಯಲ್ಲೇ ಎರಡು ಪದ್ಯ ಹಾಡಿ ಪ್ರಾಣ ಬಿಡುತ್ತಾನೆ. ಅದರ ಕೆಳಗೆ ಕಂಸದಲ್ಲಿ ಬರೆದಿದ್ದಾರೆ: “ಜನ ಒನ್ಸ್ ಮೋರ್ ಅಂದರೆ ಕ್ಯಾಪ್ಟನ್ ಎದ್ದು ಇನ್ನೊಂದು ಸಾರಿ ಹಾಡಿ ಸಾಯತಕ್ಕದ್ದು.”

ನಕ್ಕು ನಕ್ಕು ಸಾಕಾಯಿತು. ಅವ್ವ ಅಡುಗೆಮನೆಯಿಂದ ಇಣುಕಿ ನೋಡಿ ಹೋದಳು.

ಕೊನೆಯಂತೂ ಕೇಳಲೇಬಾರದು. ಇಂಧನ ಸೋರಿಹೋಗಿ ಸೌಂದರ್ಯ ಒಬ್ಬಳೇ ಮಂಗಳವನ್ನು ಸುತ್ತುತ್ತಿರುತ್ತಾಳೆ. ಇಲ್ಲಿ ಅವಳ ತಾಯಿ ರಾಚಮ್ಮ ಜಗಲಿಯ ಮೇಲೆ ನಿಂತು ಆಕಾಶ ನೋಡಿ ಹಾಡುತ್ತಾಳೆ. ಮಗಳಿಗೆ ಆ ಕ್ಷಣವೇ ಕೇಳಿಸುತ್ತದೆ. ನೌಕೆ ತಾನಾಗಿ ಭೂಮಿಯ ಕಡೆ ತಿರುಗುತ್ತದೆ. ಮಂಗಳ! ಸಿನಿಮಾಕ್ಕೂ ಮಂಗಳ, ವಿಜ್ಞಾನಕ್ಕೂ ಮಂಗಳ.

ಪುಟಪುಟಕ್ಕೂ ಕೆಂಪು ಗೀಟು ಹಾಕಿದ್ದೇನೆ. ತುಂಬ ದಿನದ ಮೇಲೆ ಒಂದು ಕೆಲಸ ಅಚ್ಚುಕಟ್ಟಾಗಿ ಮುಗಿಸಿದ ಸಮಾಧಾನ.

ಜುಲೈ 12, ಶನಿವಾರ

ಗೋಡೌನಿನ ರೂಮಿನಲ್ಲಿ ಮುದ್ದಯ್ಯನವರ ಜೊತೆ ಮೂರು ತಾಸು ಜಗಳ. ಜಗಳ ಎನ್ನುವುದಕ್ಕೂ ಆಗದು, ಏಕೆಂದರೆ ಅವರು ಒಂದು ಸಲವೂ ದನಿ ಏರಿಸಲಿಲ್ಲ. ನಾನೊಬ್ಬಳೇ ಏರಿಸಿದೆ.

ಶಬ್ದ ಹೋಗಬೇಕಾದರೆ ಗಾಳಿ ಬೇಕು, ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ ಎಂದು ಹೇಳಿದೆ.

“ಗಾಳಿ ಇಲ್ದಿದ್ರೆ ಬ್ಯಾಡ ಬುಡಿ. ತಾಯಿ ಕೂಗುದ್ರೆ ಮಗೀಗೆ ಕೇಳ್ದೆ ಇದ್ದಾತ?”

“ಕೇಳುವುದಿಲ್ಲ ಮುದ್ದಯ್ಯನವರೇ. ರೇಡಿಯೋ ಬೇಕು. ರೇಡಿಯೋದಲ್ಲಿ ಮಾತಾಡಿದರೂ ಈಗ ಮಂಗಳ ಇರುವ ದೂರಕ್ಕೆ ಮಾತು ತಲುಪಲು ಹತ್ತಿರಹತ್ತಿರ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಉತ್ತರ ಬರಲು ಇನ್ನಿಪ್ಪತ್ತು.”

ಅವರು ಬಾಯಲ್ಲಿದ್ದ ಎಲೆಅಡಿಕೆ ಮರೆತು ನನ್ನನ್ನೇ ನೋಡಿದರು. “ಉಂಡ್ಯಾ ಅಂತ ಕೇಳುದ್ರೆ, ಊಂ ಅನ್ನೋಕೆ ನಲವತ್ ನಿಮ್ಸ?”

“ಹೌದು.”

“ಇದ್ನ ಮೊದ್ಲೇ ಏಳ್ಬಾರ್ದಾ ಮೇಡಮ್ನೋರೆ!” ಎಂದು ಆ ಮನುಷ್ಯ ತನ್ನ ಕೊನೆಯ ಆರು ಪುಟವನ್ನು ನನ್ನ ಕಣ್ಣೆದುರೇ ಹರಿದು ಹಾಕಿದರು. ನನಗೆ ಒಂದು ಕ್ಷಣ ಗಾಬರಿಯಾಯಿತು. ನಾನು ತಪ್ಪು ತೋರಿಸಿದ್ದೆ, ಅಷ್ಟೆ. ಹರಿಯಲು ಹೇಳಿರಲಿಲ್ಲ.

ಜುಲೈ 13, ಭಾನುವಾರ

“ಏನ್ ಬರೀತಿದ್ದೀಯ ಮಿತ್ರಾ?” ಎಂದಳು ಅವ್ವ. ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಬೇಯಿಸಿ ಅವಳ ದನಿ ಮನೆಯಲ್ಲೂ ನೂರು ಮಕ್ಕಳಿಗೆ ಕೇಳುವ ಹಾಗೆ ಇರುತ್ತದೆ. ಕೆಲಸ ಎಂದೆ. ಅವಳಿಗೆ ವಿವರಿಸುತ್ತ ಕೂತರೆ ಸಂಜೆಯಾಗುತ್ತದೆ.

ಜುಲೈ 22, ಮಂಗಳವಾರ

ಮೇಷ್ಟ್ರು ಹೊಸದಾಗಿ ಬರೆದು ತಂದರು. ಕ್ಯಾಪ್ಟನ್ ಈಗ ಹಾಡದೆ ಸಾಯುತ್ತಾನೆ. ಎರಡೇ ಸಾಲು. ಗೀಟು ಹಾಕುವಂಥದ್ದು ಏನೂ ಇಲ್ಲ. ಆದರೂ ಓದುವಾಗ ಏನೋ ಸಪ್ಪೆ, ಯಾರೋ ಗೊತ್ತಿಲ್ಲದವರು ಸತ್ತ ಸುದ್ದಿ ಓದಿದ ಹಾಗೆ. ಹಾಗೆಂದು ಹೇಳಿದರೆ ಒನ್ಸ್ ಮೋರ್ ವಾಪಸ್ ಬಂದೀತೆಂದು ಸುಮ್ಮನಿದ್ದೆ.

ಅವರ ಈಗಿನ ಪ್ರಶ್ನೆ ಒಂದೇ. “ಆ ನಲವತ್ ನಿಮ್ಸ ತಾಯಿ ಏನ್ ಮಾಡ್ತಾಳೆ?”

“ಕಾಯುತ್ತಾಳೆ.”

“ಕಾಯ್ತಾಳೆ ಅಂತ ಬರುದ್ರೆ ಒಂದ್ ಪದ ಆಯ್ತು. ಪರದೆ ಮೇಲೆ ತೋರ್ಸದೇನ?”

ಅದು ವಿಜ್ಞಾನದ ಪ್ರಶ್ನೆಯಲ್ಲ, ನನ್ನ ಪಾಲಿಗೆ ಬರುವುದಿಲ್ಲ ಎಂದೆ. ಚೆಲುವರಾಜು ಮೇಲೆ ಬಂದು, “ಎಂಗಿದೆ ಮೇಡಂ? ಟಿಕ್ ಬೀಳ್ತಾ ಅದಾ?” ಎಂದು ಕೇಳಿದರು. ಬೀಳುತ್ತಿದೆ ಎಂದೆ. ಮೇಷ್ಟ್ರ ಮುಖ ನೋಡಿದರೆ ಪರೀಕ್ಷೆ ಬರೆದು ಕೂತ ವಿದ್ಯಾರ್ಥಿಯ ಮುಖ. ಪಾಪ ಅನ್ನಿಸಿತು.

ಬಸ್ಸಿನಲ್ಲಿ ಪಿರಿಯಾಪಟ್ಟಣದವರೆಗೂ ಅದೇ ಯೋಚನೆ. ಕಂಪಲಾಪುರದಲ್ಲಿ ಇಳಿಯುವುದನ್ನೇ ಮರೆತು ಪಿರಿಯಾಪಟ್ಟಣಕ್ಕೆ ಹೋಗಿ ವಾಪಸ್ ಬಂದೆ.

ಆಗಸ್ಟ್ 3, ಭಾನುವಾರ

ಮೇಷ್ಟ್ರು ಕೆ.ಆರ್. ನಗರದ ಕಡೆ ಒಂದು ಹಳ್ಳಿಯಲ್ಲಿ ಗಣೇಶನ ಹಬ್ಬಕ್ಕೆ ನಾಟಕ ಕಲಿಸುತ್ತಿದ್ದಾರೆ. “ನಿಮ್ ಮಂಗಳಾನ ನಾನ್ ನೋಡಾಯ್ತು, ನನ್ ಕುರುಕ್ಷೇತ್ರ ನೀವ್ ನೋಡ್ಬ್ಯಾಡ್ವಾ?” ಎಂದು ಕರೆದರು. ಸುಮ್ಮನೆ ಹೋದೆ. ನಾಟಿ ಮುಗಿದ ಗದ್ದೆಗಳ ನಡುವೆ ಶಾಲೆಯ ವರಾಂಡದಲ್ಲಿ ತಾಲೀಮು.

ಭೀಮನ ಪಾರ್ಟು ಮಾಡುವವನು ಕಬ್ಬು ಬೆಳೆಯುವ ಸಣ್ಣಯ್ಯ. ಆಳು ದಪ್ಪ, ಆದರೆ ಹತ್ತಿ ತುಂಬಿದ ಗದೆಯನ್ನು ಬೀಸಣಿಗೆ ಹಿಡಿದ ಹಾಗೆ ಹಿಡಿದಿದ್ದ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು. ವರಾಂಡದ ಮೂಲೆಯಲ್ಲಿದ್ದ ಭತ್ತದ ಮೂಟೆಯನ್ನು ಅವನ ಹೆಗಲಿಗೆ ಏರಿಸಿ, “ಓಗು, ಶಾಲೆ ಸುತ್ಕೊಂಡ್ ಬಾ,” ಎಂದರು. ಅವನು ಬೈದುಕೊಂಡೇ ಸುತ್ತಿ ಬಂದ. ಮೂಟೆ ಇಳಿಸಿ, ಮತ್ತೆ ಹತ್ತಿ ಗದೆ ಕೈಗೆ ಕೊಟ್ಟರು.

“ಈಗ ಇದ್ನ ಎತ್ತು. ಎಗಲು ಆ ಭಾರ ಮರ್ತಿರಬಾರ್ದು.”

ಅವನು ಎತ್ತಿದ. ನಾನು ನಿಜವಾಗಿ ಹಿಂದಕ್ಕೆ ಸರಿದೆ! ಹತ್ತಿ ಎಂದು ಗೊತ್ತಿದ್ದೂ ಸರಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ವಾಪಸ್ ಬರುವಾಗ ಮೇಷ್ಟ್ರಿಗೆ ಹೇಳಿದೆ: ನಾವು ಇನ್ನೂ ಮೂಟೆ ಹೊತ್ತಿಲ್ಲ. ಆ ನಲವತ್ತು ನಿಮಿಷವನ್ನು ಒಮ್ಮೆ ನಿಜವಾಗಿ ಕಾಯ್ದು ನೋಡಬೇಕು. ಪ್ರಯೋಗ ಮಾಡೋಣ. ಅವರು ತಲೆಯಾಡಿಸಿದರು. ಪ್ರಯೋಗ ನನ್ನ ವಿಷಯ, ಇದಕ್ಕೆ ನಾನೇ ಸರಿ.

ಆಗಸ್ಟ್ 9, ಶನಿವಾರ

ಪ್ರಯೋಗ ವಿಫಲ. ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ಭೂಮಿ: ಕಂಪಲಾಪುರದ ಮನೆಯಲ್ಲಿ ಅವ್ವ. ಮಂಗಳ: ಹುಣಸೂರಿನ ಗೋಡೌನಿನಲ್ಲಿ ನಾನು. ನಿಯಮವನ್ನು ಅವ್ವನಿಗೆ ಬೆಳಿಗ್ಗೆಯೇ ಬಿಡಿಸಿ ಹೇಳಿದ್ದೆ. ನಾನು ವಾಟ್ಸಾಪಿನಲ್ಲಿ ಒಂದು ಮಾತು ರೆಕಾರ್ಡ್ ಮಾಡಿ ಕಳಿಸುತ್ತೇನೆ. ಅವಳು ಇಪ್ಪತ್ತು ನಿಮಿಷ ಬಿಟ್ಟು ಅದನ್ನು ಕೇಳಬೇಕು, ಕೇಳಿ ಉತ್ತರ ಕಳಿಸಬೇಕು. ಆ ಉತ್ತರವನ್ನು ನಾನು ಇಪ್ಪತ್ತು ನಿಮಿಷ ಬಿಟ್ಟು ಕೇಳುತ್ತೇನೆ. ನಡುವೆ ಯಾರೂ ಏನೂ ಮಾತಾಡಬಾರದು. ಅವ್ವ ಹೂಂ ಎಂದಿದ್ದಳು.

“ಅವ್ವಾ, ನಾನು ಕ್ಷೇಮ. ನೀನು ಹೇಗಿದ್ದೀಯ?” ಎಂದು ಕಳಿಸಿ ಫೋನು ಮೇಜಿನ ಮೇಲಿಟ್ಟೆ. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಎರಡು ನಿಮಿಷವೂ ಕಳೆದಿರಲಿಲ್ಲ, ಫೋನು ಸದ್ದು ಮಾಡಿತು.

“ಮಿತ್ರಾ, ನೀನ್ ಏನ್ ಕಳ್ಸಿದ್ದೀಯೋ ನಾನಿನ್ನೂ ಕೇಳಿಲ್ಲ ಕಣವ್ವ. ಇಪ್ಪತ್ ನಿಮ್ಸ ಅಂದಿದ್ದೀಯಲ್ಲ, ಮುಟ್ಟೂ ಇಲ್ಲ. ಸುಮ್ನೆ ಏಳ್ದೆ.”

ಮತ್ತೆ: “ಮುದ್ದೆಗೆ ಎಸ್ರು ಇಟ್ಟಿವ್ನಿ. ಉಂಡ್ಯಾ ಅಂತ ನೀನ್ ಕೇಳಿರ್ತೀಯ. ಇನ್ನೂ ಇಲ್ಲ ಕಣವ್ವ. ನೀನು? ಎಲ್ ಉಂಡಿರ್ತೀಯ ಬುಡು, ಓಟ್ಲಲ್ಲಿ ಟೀ ಕುಡ್ದು ಕೂತಿರ್ತೀಯ.”

ಮತ್ತೆ: “ಮೂಗ್ ಕಟ್ಟದೆ ಅಂತೀಯ. ಅಲ್ವಾ? ಬಾ, ಮೆಣಸಿನ ಸಾರು ಮಾಡ್ತೀನಿ. ಬ್ಯಾಡ ಅಂತೀಯ, ಗೊತ್ತು. ಮಾಡಿದ್ಮೇಲೆ ಎಲ್ಡು ಲೋಟ ಕುಡೀತೀಯ.”

ಹೀಗೇ ಒಂದರ ಹಿಂದೆ ಒಂದು. ಪಕ್ಕದ ಮನೆಯ ಬೀರಮ್ಮನ ಎಮ್ಮೆ ಈದದ್ದು, ಶಾಲೆಯಲ್ಲಿ ಬೇಳೆ ಬೇಯದೆ ಹೋದದ್ದು, ನಡುನಡುವೆ ನಾನು ಕೇಳುವ ಪ್ರಶ್ನೆ, ನಾನು ಮಾಡುವ ತಕರಾರು, ಎಲ್ಲವೂ ಅವಳ ಬಾಯಲ್ಲೇ. ಕೊನೆಯದು ಇಷ್ಟು:

“ಕಾಯ್ಬೇಕು ಅಂದ್ರೆ ನಂಗೇನ್ ಕಷ್ಟ ಇಲ್ಲ ಕಣವ್ವ. ನಿಂಗೆ ಚಿಕ್ಕೋಳಿಂದ್ಲೂ ಮಾತ್ ಕಮ್ಮಿ. ನಿನ್ ಮಾತ್ನೂ ನಾನೇ ಆಡ್ಕೊಂಡು ಬಂದಿವ್ನಿ.”

ಫಲಿತಾಂಶ: ಅವ್ವ ನಿಯಮ ಮುರಿದಳು, ದತ್ತಾಂಶ ಉಪಯೋಗಕ್ಕೆ ಬರುವುದಿಲ್ಲ. ನನಗೆ ಮೂಗು ಕಟ್ಟಿದ್ದು ನಿಜ. ಸಂದೇಶಗಳನ್ನು ಕೇಳಿದ ಮೇಲೆ ಇನ್ನೂ ಜಾಸ್ತಿ ಕಟ್ಟಿತು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಪ್ರಯೋಗ ಕೆಟ್ಟಿತು ನೋಡಿ ಎಂದು ಎಲ್ಲವನ್ನೂ ಕೇಳಿಸಿದೆ. ಅವರು ಶಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಕಣ್ಣು ತೆಗೆಯಲಿಲ್ಲ.

“ಇನ್ನೊಂದ್ ಸಲ ಆಕಿ,” ಎಂದರು.

ಆಗಸ್ಟ್ 10, ಭಾನುವಾರ

ಅವ್ವನಿಗೆ ಇಡೀ ಕಥೆ ಹೇಳಿದೆ. ಅವಳ ಮಾತುಗಳನ್ನು ರಾಚಮ್ಮನ ಬಾಯಲ್ಲಿ ಹಾಕಬಹುದೇ ಎಂದು ಕೇಳಿದೆ. “ನನ್ ಮಾತಾ? ಅದ್ರಲ್ ಏನಿತ್ತು ಅಂತ?” ಎಂದಳು. ಆಮೇಲೆ, ರಾಚಮ್ಮನಿಗೆ ಒಂದು ಕೆಂಪು ಸೀರೆ ಉಡಿಸಬೇಕು, ಮೇಲಿಂದ ಮಗಳಿಗೆ ಕಾಣಬೇಕಲ್ಲ ಎಂದಳು. ಕಾಣುವುದಿಲ್ಲ ಎಂದು ಹೇಳಲು ಹೋದವಳು, ಯಾವ ಕೆಂಪು ಎಂದು ಕೇಳಿದೆ. ಮಾತಾಡುತ್ತ ಕೂತು ಬೇರೇನೂ ಬರೆಯಲು ಆಗಲಿಲ್ಲ.

ಆಗಸ್ಟ್ 17, ಭಾನುವಾರ

ಮೇಷ್ಟ್ರ ಜೊತೆ ಮತ್ತೆ ಜಗಳ. ಈ ಮನುಷ್ಯನಿಗೆ ಕಲ್ಪನೆ ಎಂಬುದೇ ಇಲ್ಲ.

ರಾಚಮ್ಮನ ಭಾಗ ಬರೆದಾಯಿತು. ನನಗೇ ಆಶ್ಚರ್ಯ, ಅರ್ಧಕ್ಕರ್ಧ ನಾನೇ ಬರೆದೆ. ಕ್ಯಾಪ್ಟನ್ನಿಗೂ ಒಂದು ಪದ್ಯ ವಾಪಸ್ ಕೊಡಿ, ಸಾಯುವ ಮೊದಲು ಹೆಲ್ಮೆಟ್ಟಿನೊಳಗೆ ತನಗೆ ತಾನೇ ಹಾಡಿಕೊಳ್ಳಲಿ, ಅಲ್ಲಿ ಗಾಳಿ ಇರುತ್ತದೆ ಎಂದೆ.

“ಎದೆ ಒಡ್ದಿರೋನು ಎಂಗ್ ಆಡ್ತಾನೆ ಮೇಡಂ? ಉಸ್ರು ಬ್ಯಾಡ್ವಾ?”

“ಹಾಗಾದರೆ ಉಲ್ಕೆ ಕಾಲಿಗೆ ಬಡಿಯಲಿ!”

“ಆ ವೇಗ್ದಲ್ಲಿ ಬಡುದ್ರೆ ಕಾಲೊಂದೇ ಓಗಾಕಿಲ್ಲ. ನೀವೇ ಏಳ್ಕೊಟ್ಟಿದ್ದು.”

ನಾನು ಹೇಳಿಕೊಟ್ಟದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು ನನಗೇ ಒಪ್ಪಿಸುತ್ತಾರೆ. ಪದ್ಯ ಒಂದು ಬಹಳ ಕಷ್ಟದಲ್ಲಿ ಉಳಿಯಿತು, ಅದೂ ನಾಲ್ಕೇ ಸಾಲು. ಇನ್ನು ಉಳಿದದ್ದು ಕೊನೆ. ಸೌಂದರ್ಯ ವಾಪಸ್ ಬರುತ್ತಾಳೋ ಇಲ್ಲವೋ? ಇಬ್ಬರೂ ಕೂತು ಲೆಕ್ಕ ಹಾಕಿದೆವು. ಉಳಿದ ಇಂಧನದಲ್ಲಿ ಭೂಮಿಯ ದಾರಿಗೆ ತಿರುಗಲು ಆಗದು. ಮತ್ತೆ ಹಾಕಿದೆವು, ಅದೇ ಬಂತು.

“ಬಾರಳು ಅಂತ ಬರ್ದ್ಬುಡಾಣ,” ಎಂದರು ಮೇಷ್ಟ್ರು. ಹೇಳುವಾಗ ದನಿ ಸಣ್ಣದಾಗಿತ್ತು. ಬರೆಯಲು ಇಬ್ಬರ ಕೈಯೂ ಬರಲಿಲ್ಲ. ಕೊನೆಯ ಪುಟ ಖಾಲಿ ಇದೆ. ಓದಿ ತೋರಿಸುವುದು ಮುಂದಿನ ಭಾನುವಾರ.

ಆಗಸ್ಟ್ 24, ಭಾನುವಾರ

ಓದಿದ್ದಾಯಿತು.

ಕೆಳಗೆ ಗೋಡೌನಿಗೆ ಬಾಗಿಲು ಹಾಕಿಸಿ ಚೆಲುವರಾಜು ಮೇಲೆ ಬಂದು ಕೂತರು. ಮೇಷ್ಟ್ರು ಇಸ್ತ್ರಿ ಮಾಡಿದ ಜುಬ್ಬದಲ್ಲಿದ್ದರು. ರಾಕೆಟ್ಟು ಹಾರುವವರೆಗೆ ಅವರು ಓದಿದರು. ಶ್ರೀಹರಿಕೋಟಾದಿಂದ, ರಾಹುಕಾಲ ನೋಡದೆ. ಕ್ಯಾಪ್ಟನ್ನಿನ ನಾಲ್ಕು ಸಾಲನ್ನು ಉಸಿರು ಹಿಡಿದು ಹಿಡಿದು ಹಾಡಿದರು. ಚೆಲುವರಾಜು ಮೊಬೈಲು ಜೇಬಿಗೆ ಹಾಕಿಕೊಂಡರು. ರಾಚಮ್ಮನ ಜಾಗ ಬಂದಾಗ ಮೇಷ್ಟ್ರು ಹಾಳೆಗಳನ್ನು ನನ್ನ ಕಡೆ ತಳ್ಳಿ, “ಇದ್ನ ನೀವೇ ಓದಿ,” ಎಂದರು.

ನಾನು ಪಾಠ ಮಾಡುವ ದನಿಯಲ್ಲೇ ಶುರು ಮಾಡಿದೆ. ಎಸರಿಗೆ ಬರುವ ಹೊತ್ತಿಗೆ ಅದು ಅವ್ವನ ದನಿಯಾಗಿತ್ತು. ಮಗಳ ಪ್ರಶ್ನೆ ಇನ್ನೂ ದಾರಿಯಲ್ಲಿದೆ, ತಾಯಿ ಆಗಲೇ ಉತ್ತರ ಕೊಡುತ್ತಿದ್ದಾಳೆ. ಮೂಗು ಕಟ್ಟಿದೆ ಅಲ್ವಾ ಎನ್ನುತ್ತಾಳೆ. ಬೇಡ ಅಂತೀಯ ಗೊತ್ತು ಎನ್ನುತ್ತಾಳೆ. ಮೇಲೆ ಸೌಂದರ್ಯ ಒಬ್ಬಳೇ ಕೂತು, ಒಂದರ ಹಿಂದೆ ಒಂದು ಬರುವ ಆ ಮಾತು ಕೇಳುತ್ತ ಕಿಟಕಿಯಾಚೆ ನೋಡುತ್ತಾಳೆ. ಅಲ್ಲಿಗೆ ನಮ್ಮ ಹಾಳೆ ಮುಗಿಯಿತು.

ಚೆಲುವರಾಜು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಇದೆಲ್ಲ ಸಾಧ್ಯವೇ ಎಂದು ಕೇಳುತ್ತಾರೆಂದು ನಾನು ಉತ್ತರ ಜೋಡಿಸಿಕೊಂಡಿದ್ದೆ. ರೇಡಿಯೋ ಅಲೆ, ದೂರ, ವೇಗ, ಎಲ್ಲ.

“ಹುಡ್ಗಿ ವಾಪಸ್ ಬತ್ತಾಳಾ?” ಎಂದರು.

ಮೇಷ್ಟ್ರು ಜುಬ್ಬದ ತೋಳು ಸರಿಮಾಡಿಕೊಂಡರು. “ಇಂಧನ ಸಾಲಾಕಿಲ್ಲ ಕಣಪ್ಪ. ಲೆಕ್ಕ ಆಕಿ ನೋಡಾಯ್ತು. ಸುಳ್ಳು ಬರ್ಯಾದ್ ಬ್ಯಾಡ ಅಂತ ಬುಟ್ಟಿದೀವಿ.”

ಚೆಲುವರಾಜುವಿನ ಮುಖ ಇಳಿಯಿತು. ಹಾಳೆಗಳನ್ನು ಒಟ್ಟು ಮಾಡಿ ಮೇಷ್ಟ್ರ ಕಡೆ ಸರಿಸಲು ಹೋದರು. ಮೇಷ್ಟ್ರು ತೆಗೆದುಕೊಳ್ಳಲು ಕೈ ಚಾಚಿಯೂ ಆಗಿತ್ತು. ಜೀವಮಾನದ ಒಂದೇ ಕಥೆ, ಅದನ್ನು ತಾನೇ ಕಳೆದುಕೊಳ್ಳುತ್ತಿದ್ದಾರೆ, ಅದೂ ನಾನು ಕಲಿಸಿದ ಲೆಕ್ಕದಿಂದ! ನನಗೆ ತಡೆಯಲಾಗಲಿಲ್ಲ.

“ಬತ್ತಾಳೆ,” ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. “ಎಂಗೆ ಮೇಡಂ?” ಎಂದರು ಚೆಲುವರಾಜು.

“ಎಂಗೆ ಅಂತ ಗೊತ್ತಿಲ್ಲ ಕಣ್ರೀ. ಅವ್ವ ಎಸ್ರು ಇಟ್ಕೊಂಡು ಕೂತವ್ಳೆ. ಬರ್ದೆ ಎಲ್ಲೋಗ್ತಾಳೆ?”

ಕೆಳಗೆ ಬೀದಿಯಲ್ಲಿ ಯಾವುದೋ ಲಾರಿ ಹಾರನ್ ಹೊಡೆದು ಹೋಯಿತು. ಚೆಲುವರಾಜು ಹಾಳೆಗಳನ್ನು ತಮ್ಮ ಕಡೆಗೇ ಎಳೆದುಕೊಂಡು, ಎರಡೂ ಕೈ ಅದರ ಮೇಲಿಟ್ಟರು. “ಅಂಗಾದ್ರೆ ಮಾಡಾಣ. ಮೇಷ್ಟ್ರೇ, ಕತೆ ನಿಮ್ದು, ಪರದೆ ಮೇಲೆ ಎಸ್ರೂ ನಿಮ್ದೇ ಬರ್ಸ್ತೀನಿ. ಅವಳ್ನ ಮಾತ್ರ ಕರ್ಕೊಂಡ್ ಬನ್ನಿ.”

ಬಸ್ ಸ್ಟ್ಯಾಂಡಿಗೆ ನಾನೂ ಮೇಷ್ಟ್ರೂ ಒಟ್ಟಿಗೆ ನಡೆದೆವು. ಹಂಪಾಪುರದ ಬಸ್ಸು ಬಂದಾಗ ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ, “ಮಗಾ, ಇಂಧನ?” ಎಂದರು.

“ನಾಳೆ ಬನ್ನಿ ಮೇಷ್ಟ್ರೇ, ನೋಡೋಣ.”

ಮಂಗಳದ ಗಾಳಿಯಿಂದ ಇಂಧನ ಉರಿಸಲು ಬೇಕಾದ ಆಮ್ಲಜನಕ ತೆಗೆಯಬಹುದೆಂದು ಎಲ್ಲೋ ಓದಿದ ನೆನಪು. ಹಾಗಿದ್ದರೆ ಸೌಂದರ್ಯ ಸುತ್ತುವುದನ್ನು ಬಿಟ್ಟು ಕೆಳಗೆ ಇಳಿಯಬೇಕಾಗುತ್ತದೆ. ಇಳಿಯಲು ಇರುವ ಇಂಧನ ಸಾಕೇ, ನಾಳೆ ಮೊದಲು ಅದನ್ನು ನೋಡಬೇಕು. ಸಾಲದಿದ್ದರೆ ಬೇರೆ ದಾರಿ ಹುಡುಕಬೇಕು. ಅವಳು ಬರುವುದಂತೂ ಖಂಡಿತ.